ಹುಳ ನೋಡಲು ಬಂದವನು

"ಯಾರು ಬೇಕಿತ್ತು?" ಎಂದು ಒಡತಿ ಕೇಳಿದಾಗ ಪಂಪುವಿಗೆ ನಿಂತ ನೆಲವೇ ಕುಸಿದ ಹಾಗಾಯಿತು.

ಹಾಗೆ ಕೇಳಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ಬೆಳೆ ಇರುವಷ್ಟು ಕಾಲ ವಾರಕ್ಕೊಮ್ಮೆ ತಪ್ಪದೆ ಅವಳ ಹೊಲಕ್ಕೆ ಔಷಧಿ ಹೊಡೆಯಲು ಬರುತ್ತಿದ್ದವನು ಇವನೇ. ಆದರೆ ಬರುವಾಗ ತಲೆಗೆ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ, ಮೂಗು ಬಾಯಿ ಗದ್ದ ಎಲ್ಲವನ್ನೂ ನುಂಗಿದ ಒಂದು ಮುಸುಕು, ಬೆನ್ನ ಮೇಲೆ ತುಂಬಿದ ಪಂಪು. ಆ ವೇಷದಲ್ಲಿ ಹೆತ್ತ ತಾಯಿಗೂ ಮಗನ ಗುರುತು ಹತ್ತುತ್ತಿರಲಿಲ್ಲ. ಊರಿಗೆ ಊರೇ ಅವನನ್ನು ಪಂಪು ಎಂದೇ ಕರೆಯುತ್ತಿತ್ತು. ತಂದೆತಾಯಿ ಇಟ್ಟ ಹೆಸರು ಅವನ ಅಕ್ಕನಿಗೊಬ್ಬಳಿಗೆ ನೆನಪಿತ್ತು, ಅದನ್ನೂ ಅವಳು ಸಿಟ್ಟು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಇವತ್ತು ಅವನು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಸುಕಿಲ್ಲದೆ ಬಂದು ಬಾಗಿಲು ತಟ್ಟಿದ್ದ. ಅದೇ ಎಡವಟ್ಟಾಯಿತು.

"ಯಾರೇ ಅದು?" ಎಂದು ಒಳಗಿನಿಂದ ಅತ್ತೆಯ ದನಿ.

"ಗೊತ್ತಾಗ್ತಿಲ್ಲ ಅತ್ತೆ. ಯಾರೋ ಗಂಡಸರು."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ಮುಖ ನೋಡಿದಳು, ಪ್ರಯೋಜನವಾಗಲಿಲ್ಲ. "ಸ್ವಲ್ಪ ಆ ಕಡೆ ತಿರುಗಪ್ಪ" ಎಂದಳು. ಪಂಪು ಬಾಯಿ ಮುಚ್ಚಿಕೊಂಡು ತಿರುಗಿ ನಿಂತ.

"ಅಯ್ಯೋ, ನಮ್ಮ ಪಂಪು ಕಣೇ! ಬೆನ್ನ ಮೇಲೆ ಏನೂ ಇಲ್ದಿದ್ರೂ ಬಗ್ಗಿಕೊಂಡೇ ನಿಂತಿದಾನೆ ನೋಡು."

ಒಡತಿ ನಾಲಿಗೆ ಕಚ್ಚಿಕೊಂಡಳು. ಒಳಗೆ ಕರೆದು ಕುರ್ಚಿ ಹಾಕಿದಳು. ಅವನು ಬಂದ ಕಾರಣ ಅವಳಿಗೂ ಗೊತ್ತಿತ್ತು. ಮೆಕ್ಕೆಜೋಳ ಮೊಳೆತು ಮೇಲೆ ಬಂದಿತ್ತು, ಅದರ ಪಕ್ಕದ ಅರ್ಧ ಹೊಲದಲ್ಲಿ ಬದನೆ ಸಸಿ ನಾಟಿ ಮುಗಿದಿತ್ತು, ಆದರೂ ಈ ಸಲ ಅವಳು ಪಂಪುವಿಗೆ ಹೇಳಿ ಕಳಿಸಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ" ಎಂದಳು. "ಹೋದ ಬೆಳೆಗೆ ವಾರ ವಾರ ಹೊಡೆಸಿದ್ವಿ. ಆದ್ರೂ ಕಾಯಿ ಕುಯ್ದರೆ ಅರ್ಧಕ್ಕರ್ಧ ತೂತು. ಜೇನು ಕಾಣಿಸ್ತಿಲ್ಲ, ಅತ್ತೆಗೆ ಕೆಮ್ಮು ಬಿಡ್ತಿಲ್ಲ. ಬೆಳೆಗಾರರ ಸಂಘದಲ್ಲಿ ತರಬೇತಿ ಇತ್ತು, ಹೋಗಿದ್ದೆ. ಈ ಸಲ ವಾರ ಬಂತು ಅಂತ ಹೊಡೆಯೋದು ಬೇಡ. ಹುಳ ಬಂದ್ರೆ, ಅದೂ ಕೈ ಮೀರಿ ಬಂದ್ರೆ, ಆಗ ಹೇಳಿ ಕಳಿಸ್ತೀನಿ."

ನ್ಯಾಯವಾದ ಮಾತು. ಔಷಧಿ ಹೊಡೆಯುವವನಿಗೆ ಒಂದು ಹೊಲ ತಪ್ಪಿದರೆ ಇನ್ನೊಂದು ಸಿಗುತ್ತದೆ, ಪಂಪುವಿಗೆ ಬೇಡಿಕೆಗೇನೂ ಕಡಿಮೆ ಇರಲಿಲ್ಲ. ಹಾಗಾದರೆ ಅವನ ಮುಖ ಯಾಕೆ ಬಾಡಿತು ಎಂದು ಕೇಳಿದರೆ, ಸುತ್ತಿ ಬಳಸುವುದು ಬೇಡ, ಪಂಪುವಿಗೆ ಒಡತಿಯ ಮೇಲೆ ಮನಸ್ಸಿತ್ತು. ನಿನ್ನೆ ಮೊನ್ನೆಯದಲ್ಲ, ಬಹಳ ಹಳೆಯದು. ಅವಳು ಗಂಡನನ್ನು ಕಳೆದುಕೊಂಡು, ಅತ್ತೆಯನ್ನೂ ಹೊಲವನ್ನೂ ಒಬ್ಬಳೇ ಹೆಗಲಿಗೆ ಹಾಕಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಇವನೋ, ಮದುವೆ ಮದುವೆ ಎಂದು ಅಕ್ಕ ಹೇಳಿದಾಗಲೆಲ್ಲ ಪಂಪಿನ ವಾಷರ್ ಬದಲಾಯಿಸುತ್ತ ಕೂತೇ ತಲೆ ನರೆಸಿಕೊಂಡಿದ್ದ. ಅವಳ ಹೊಲಕ್ಕೆ ಹೋಗುವ ದಿನ, ಮೇಲೆ ಟೋಪಿ ಬರುತ್ತದೆಂದು ಗೊತ್ತಿದ್ದೂ ತಲೆ ಬಾಚಿಕೊಳ್ಳುತ್ತಿದ್ದ. ಈಗ ವಾರದ ಆ ಒಂದು ದಿನವೇ ಕೈ ತಪ್ಪುತ್ತಿತ್ತು.

ಅವನು ಎದ್ದು ಬಾಗಿಲ ತನಕ ಹೋದವನು ಹಾಗೇ ನಿಂತ. "ಹುಳ ಬಂದಿದೆಯೋ ಇಲ್ವೋ ಅಂತ ನೋಡೋರು ಯಾರು?"

"ನಾನೇ ನೋಡ್ತೀನಿ."

"ಒಬ್ರೇ? ಜೋಳದ ಸುಳಿ ಸುಳಿಯಲ್ಲೂ? ಬದನೆಯ ಕುಡಿ ಕುಡಿಯಲ್ಲೂ?" ಅವನಿಗೆ ಇದ್ದಕ್ಕಿದ್ದ ಹಾಗೆ ಮಾತು ಬಂದಿತ್ತು. "ನಾನು ಬರ್ತೀನಿ. ಪಂಪ್ ತರಲ್ಲ. ಬರೀ ನೋಡೋಕೆ."

"ನಿಮಗೆ ಹುಳದ ಗುರುತು ಸಿಗುತ್ತಾ?"

"ಚಿಕ್ಕಂದಿನಿಂದ ಅದನ್ನ ಕೊಂದೇ ಬದುಕಿರೋದು!"

"ಕೊಂದಿದೀರ, ಸರಿ" ಎಂದಳು ಒಡತಿ. "ನೋಡಿದೀರಾ?"

ನಿಜ ಹೇಳಬೇಕೆಂದರೆ ಪಂಪು ಹೊಲದಲ್ಲಿ ನೋಡುತ್ತಿದ್ದದ್ದು ಎರಡನ್ನೇ. ಒಂದು ಪಂಪಿನ ಮೂತಿ. ಇನ್ನೊಂದನ್ನು ಹೇಳುವ ಹಾಗಿರಲಿಲ್ಲ.

"ಬರಲಿ ಬಿಡೇ" ಎಂದಳು ಅತ್ತೆ. "ಎರಡು ಕಣ್ಣಿಗಿಂತ ನಾಲ್ಕು ಕಣ್ಣಾದ್ರೆ ಕೆಲಸ ಬೇಗ ಆಗುತ್ತೆ. ನನ್ನ ಕಣ್ಣಂತೂ ಲೆಕ್ಕಕ್ಕಿಲ್ಲ."

ಹೀಗೆ ಪಂಪು ಬೇರೆ ಹೊಲಗಳಲ್ಲಿ ಔಷಧಿ ಹೊಡೆಯುತ್ತ, ವಾರಕ್ಕೊಂದು ದಿನ ಈ ಹೊಲದಲ್ಲಿ ಹುಳ ನೋಡುವವನಾದ. ಮನೆಗೆ ಬಂದು ವಿಷಯ ಹೇಳಿದಾಗ ಅವನ ಅಕ್ಕ ಕೈಲಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿ ನೋಡಿದಳು. "ಹುಳ ನೋಡೋಕೆ ಇಸ್ತ್ರಿ ಅಂಗಿ ಬೇಕಾ?" ಎಂದಷ್ಟೇ ಕೇಳಿದಳು. ತಮ್ಮ ಸೊಪ್ಪು ಹಾಕಲಿಲ್ಲ.

ಮೊದಲ ಪಾಠ ಮೆಕ್ಕೆಜೋಳದಲ್ಲಿ ನಡೆಯಿತು. ಪೈರು ಮೊಣಕಾಲೆತ್ತರ ಬಂದಿತ್ತು. ಒಡತಿ ಮುಂದೆ, ಪಂಪು ಹಿಂದೆ. ನೇರ ಸಾಲಿನಲ್ಲಿ ಹೋಗಬಾರದು, ಅಂಕುಡೊಂಕಾಗಿ ಹೋಗಿ ಅಲ್ಲಲ್ಲಿ ನಿಲ್ಲಬೇಕು, ನಿಂತಲ್ಲಿ ಗಿಡದ ನಡುವಿನ ಸುಳಿ ಬಿಡಿಸಿ ನೋಡಬೇಕು ಎಂದು ಅವಳು ಹೇಳಿಕೊಟ್ಟಳು. ಎಲೆಯನ್ನು ಉಗುರಿನಿಂದ ಕೆರೆದ ಹಾಗೆ ಬಿಳಿ ಬಿಳಿ ಪೊರೆ ಕಂಡರೆ ಮರಿಹುಳ ಕೂತಿದೆ ಎಂದರ್ಥ. ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ್ದರೆ ಹುಳ ದೊಡ್ಡದಾಗಿದೆ, ಹಣೆಯ ಮೇಲೆ ತಲೆಕೆಳಗಾದ ಕವಲುಕಡ್ಡಿಯಂಥ ಗುರುತು ಇರುತ್ತದೆ. ಎಲೆಯ ಅಡಿಯಲ್ಲಿ ಹತ್ತಿ ಮೆತ್ತಿದ ಹಾಗೆ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಎರಡು ಬೆರಳಿನಲ್ಲಿ ಹಿಸುಕಬೇಕು.

ಒಂದು ಗುಂಪು ಪಂಪುವಿನ ಕಣ್ಣಿಗೇ ಮೊದಲು ಬಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಬೆರಳು ಚಾಚಿದವನು ಚಾಚಿಕೊಂಡೇ ಉಳಿದ. ಟ್ಯಾಂಕುಗಟ್ಟಲೆ ಔಷಧಿ ಸುರಿದು ಲೆಕ್ಕವಿಲ್ಲದಷ್ಟು ಜೀವ ತೆಗೆದವನಿಗೆ, ಬರಿಗೈಯಲ್ಲಿ ಒಂದು ಚೂರು ಮೊಟ್ಟೆ ಹಿಸುಕಲು ಮೈ ಜುಮ್ಮೆಂದಿತು. ಒಡತಿ ನೋಡುತ್ತಿದ್ದಳು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ಹಿಸುಕಿದ.

"ಕಣ್ಣು ಬಿಟ್ಕೊಂಡು" ಎಂದಳು ಅವಳು. "ನೋಡೋಕೆ ಬಂದಿರೋದು ನೀವು."

ಹಿಸುಕಿದರೂ ತಪ್ಪಿಸಿಕೊಂಡ ಮರಿಗಳಿಗೆ ಅತ್ತೆಯ ಹತ್ತಿರ ಮದ್ದಿತ್ತು. ಅವಳು ಬದುವಿನ ಮೇಲೆ ಕೂತು ಸಣ್ಣ ಮರಳು ಜರಡಿ ಹಿಡಿಯುತ್ತಿದ್ದಳು. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು ಸುಳಿ ಸುಳಿಗೂ ಒಂದೊಂದು ಚಿಟಿಕೆ ಹಾಕಿಕೊಂಡು ಹೋಗಬೇಕು. ಗಾಳಿಗೆ ಎಲೆ ಅಲುಗಿದ ಹಾಗೆಲ್ಲ ಮರಳು ಹುಳದ ಮೈ ಉಜ್ಜಿ ಅದನ್ನು ಹಣ್ಣುಗಾಯಿ ಮಾಡುತ್ತದೆ. ಪಂಪು ಡಬ್ಬಿ ಹಿಡಿದು ಬಗ್ಗಿ ಬಗ್ಗಿ ನಡೆದ. ಸಂಜೆಯ ಹೊತ್ತಿಗೆ ಬೆನ್ನು ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಹಾರಾಡುತ್ತಿತ್ತು. ಅಷ್ಟು ವರ್ಷ ಆ ಹೊಲದಲ್ಲಿ ಓಡಾಡಿದ್ದರೂ ಅವಳ ಜೊತೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮುಸುಕಿನೊಳಗಿಂದ ಹ್ಞೂಂ, ಉಹ್ಞೂಂ ಬಿಟ್ಟರೆ ಮತ್ತೇನು ತಾನೇ ಹೊರಗೆ ಬರುತ್ತಿತ್ತು?

ಒಂದು ಮೂಲೆಯಲ್ಲಿ ಮಾತ್ರ ಹುಳ ಕೈ ಮೀರಿತು. ಆಗ ಅವಳೇ ಹೇಳಿ ಕಳಿಸಿದಳು. ಪಂಪು ಹಳೆಯ ವೇಷದಲ್ಲಿ, ಸಂಜೆ ಬಿಸಿಲಿಳಿದ ಮೇಲೆ, ಆ ಮೂಲೆಗೆ ಮಾತ್ರ, ಸುಳಿಯೊಳಗೆ ಮಾತ್ರ ಬೀಳುವ ಹಾಗೆ ಹೊಡೆದ. ಬದುವಿನ ಮೇಲೆ ನಿಂತಿದ್ದ ಒಡತಿ, "ಓ, ಇವರು ಗೊತ್ತು ನನಗೆ" ಎಂದಳು. ಅತ್ತೆ ಬಿದ್ದು ಬಿದ್ದು ನಕ್ಕಳು. ಪಂಪು ಮುಸುಕಿನೊಳಗೇ ಕೆಂಪಾದ.

ಜೋಳ ಎದೆಯೆತ್ತರ ಬೆಳೆದು ಗಟ್ಟಿಯಾದ ಮೇಲೆ ಹುಳದ ಕಾಟ ಬದನೆಯ ಕಡೆ ಹೊರಳಿತು. ಚೆನ್ನಾಗಿದ್ದ ಗಿಡದ ಒಂದು ಕುಡಿ ಮಾತ್ರ, ಮುನಿಸಿಕೊಂಡ ಮಗು ತಲೆ ತಗ್ಗಿಸಿದ ಹಾಗೆ, ಬಾಗಿ ಜೋತು ಬೀಳುತ್ತಿತ್ತು. ಕುಡಿಯೊಳಗೆ ಕೊರೆಯುವ ಹುಳ ಕೂತಿದೆ ಎಂಬುದರ ಸೂಚನೆ ಅದು. ಅದನ್ನು ತೂತಿನಿಂದ ಕೆಳಗೆ ಕತ್ತರಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕಬೇಕು. ಹಾಗೆಯೇ ಬಿಟ್ಟರೆ ನಾಳೆ ಅದೇ ಹುಳ ಕಾಯಿಗೆ ಇಳಿಯುತ್ತದೆ. ತೂತಾದ ಕಾಯಿಯನ್ನು ಕೊಯ್ದು ಬದುವಿಗೆ ಎಸೆಯುವ ಚಾಳಿಯೂ ಕೂಡದು. ಎಸೆದರೆ ಹುಳ ಅಲ್ಲಿಂದೆದ್ದು, ಮಣ್ಣಲ್ಲಿ ಮಲಗಿ, ರೆಕ್ಕೆ ಕಟ್ಟಿಕೊಂಡು ವಾಪಸ್ಸು ಬರುತ್ತದೆ.

ಪಂಪು ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಸಾಲು ಸಾಲು ತಿರುಗಿದ. ತಿರುಗುತ್ತ ತಿರುಗುತ್ತ ಅವನಿಗೆ ಬೇರೆಯವೂ ಕಾಣತೊಡಗಿದವು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇಟ್ಟುಕೊಂಡ ಗುಲಗಂಜಿ ಹುಳಗಳು ಎಲೆಯಡಿಯ ಹೇನುಗಳನ್ನು ಕಡಲೆ ತಿಂದ ಹಾಗೆ ತಿನ್ನುತ್ತಿದ್ದವು. ಜೇಡಗಳು ಗಿಡದಿಂದ ಗಿಡಕ್ಕೆ ದಾರ ಎಳೆದಿದ್ದವು. ಇವನ್ನೆಲ್ಲ ತಾನು ಇಷ್ಟು ವರ್ಷ ಹುಳದ ಜೊತೆಗೇ ತೊಳೆದು ಹಾಕುತ್ತಿದ್ದೆ ಎಂದು ಹೊಳೆದಾಗ ಅವನಿಗೆ ಪೆಚ್ಚಾಯಿತು. ಆ ಪೆಚ್ಚು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಮುಂದಿನ ಸಾಲಿನಲ್ಲಿ ಒಡತಿ ಇದ್ದಳು.

ಒಂದು ದಿನ ಮಧ್ಯಾಹ್ನ ಒಂದು ಗಿಡ ಇಡೀ ಸೊರಗಿ ನಿಂತಿತ್ತು, ಎಲೆ ಹಸಿರಾಗಿದ್ದಂತೆಯೇ. ಇದು ಹುಳದ್ದಲ್ಲ ಎಂದು ಒಡತಿ ಹುಬ್ಬು ಗಂಟಿಕ್ಕಿದಳು. ಗಿಡ ಕಿತ್ತು, ಬುಡದ ಕಾಂಡ ಒಂದು ಗೇಣು ಕತ್ತರಿಸಿ ಮನೆಗೆ ತಂದಳು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಕಾಂಡದಿಂದ ಹಾಲಿನಂಥ ಎಳೆ ನೀರಿಗಿಳಿದರೆ ಸೊರಗು ರೋಗ. ಅದು ಮಣ್ಣಿನ ರೋಗ, ಕಾಲಿಗೆ ಮೆತ್ತಿದ ಕೆಸರಿನಲ್ಲೇ ಹೊಲವೆಲ್ಲ ಹರಡುತ್ತದೆ. ಇಳಿಯದಿದ್ದರೆ ಭಯವಿಲ್ಲ.

ಪಂಪು ಎದುರು ಕೂತ. ಇಬ್ಬರೂ ಲೋಟದಲ್ಲಿ ಕಣ್ಣಿಟ್ಟರು. ಲೋಟದ ಆಚೆಗೆ ಅವಳ ಮುಖ ದೊಡ್ಡದಾಗಿ, ಸ್ವಲ್ಪ ಸೊಟ್ಟಗೆ ಕಾಣುತ್ತಿತ್ತು. ಹುಬ್ಬಿನ ಹತ್ತಿರ ಒಂದು ಸಣ್ಣ ಮಚ್ಚೆ ಇದೆಯೆಂದು ಅವನಿಗೆ ಆಗ ಗೊತ್ತಾಯಿತು. ಅವಳ ಉಸಿರಿಗೆ ಲೋಟದ ಹೊರಮೈ ಮಸುಕಾಗುತ್ತಿತ್ತು, ಅವಳು ಬೆರಳಿನಿಂದ ಒರೆಸುತ್ತಿದ್ದಳು. ಹಾಲು ಇಳಿಯದಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ಗೊತ್ತಾಗದಿರಲಿ ಎಂದು ಪಂಪು ಬೇಡಿಕೊಳ್ಳುತ್ತಿದ್ದ.

ಅತ್ತೆ ಬಂದು ಇಬ್ಬರನ್ನೂ ನೋಡಿದಳು. "ಅದನ್ನ ಯಾರೂ ಕುಡೀಬೇಡಿ ಮತ್ತೆ" ಎಂದಳು.

ಹಾಲು ಇಳಿಯಲಿಲ್ಲ. ನೋಡಿದರೆ ಆ ಗಿಡವಿದ್ದ ಜಾಗದಲ್ಲಿ ನೀರು ನಿಂತು ಬೇರು ಕೊಳೆತಿತ್ತು, ಅಷ್ಟೇ. ಒಡತಿ ಉಸಿರು ಬಿಟ್ಟು ನಕ್ಕಳು. ಆ ನಗುವಿಗೆ ಪಂಪು ಅದೇ ಸಂಜೆ ಕಾಲುವೆ ತೆಗೆದು ನೀರು ಬಸಿದು ಕೊಟ್ಟ, ಯಾರೂ ಕೇಳದಿದ್ದರೂ.

ಆದರೆ ಅವನ ಸುಖಕ್ಕೆ ಅವನ ಕೆಲಸವೇ ಕೊಡಲಿ ಹಿಡಿದು ನಿಂತಿತ್ತು. ಕುಡಿ ಕತ್ತರಿಸಿದಷ್ಟೂ ಹುಳ ಕಡಿಮೆಯಾಗುತ್ತ ಬಂತು. ಬಕೆಟ್ಟು ತುಂಬುತ್ತಿದ್ದದ್ದು ಅರ್ಧಕ್ಕಿಳಿಯಿತು, ಆಮೇಲೆ ತಳ ಕಾಣಿಸಿತು. ಗಿಡಗಳು ಮಿರಮಿರ ಮಿಂಚುತ್ತಿದ್ದವು, ಜೇನು ಮರಳಿತ್ತು, ಒಡತಿ ಹಾಡು ಗುನುಗುತ್ತಿದ್ದಳು. ಪಂಪು ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾದ. ಹುಳವೇ ಇಲ್ಲದ ಹೊಲಕ್ಕೆ ಹುಳ ನೋಡುವವನು ಯಾವ ಮುಖ ಹೊತ್ತು ಬರಬೇಕು? ಬೇಕೆಂದೇ ಹುಳ ಬಿಡುವಷ್ಟು ಕೆಟ್ಟವನೂ ಅವನಲ್ಲ. ಕಂಡದ್ದನ್ನು ಕಂಡ ಕೂಡಲೇ ಕತ್ತರಿಸುತ್ತಿದ್ದ, ಕತ್ತರಿಸಿ ನಿಟ್ಟುಸಿರು ಬಿಡುತ್ತಿದ್ದ.

ಒಮ್ಮೆ ಸಾಲಿಗೆ ಸಾಲೇ ಹುಡುಕಿ, ಕೊನೆಗೆ ಎಲೆಯ ಮರೆಯಲ್ಲಿ ತೂತಾದ ಒಂದು ಕಾಯಿ ಸಿಕ್ಕಾಗ, ಅವನ ಮುಖದ ತುಂಬ ನಗು ಅರಳಿತು. ಬದುವಿನ ಮೇಲೆ ಕೂತಿದ್ದ ಅತ್ತೆ ಅದನ್ನು ನೋಡಿಬಿಟ್ಟಳು. ಕಣ್ಣು ಲೆಕ್ಕಕ್ಕಿಲ್ಲ ಎನ್ನುತ್ತಿದ್ದ ಅದೇ ಅತ್ತೆ.

"ಹುಳ ನೋಡಿ ನಗ್ತಾನಲ್ಲ ಇವನು!" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಮಾರನೆಯ ದಿನವೇ ಪಂಪುವಿನ ಅಕ್ಕನಿಗೆ ಹೇಳಿ ಕಳಿಸಿದಳು, ಒಂದು ಸಂಜೆ ಟೀ ಕುಡಿಯೋಕೆ ಬಾ, ಸ್ವಲ್ಪ ಮಾತಾಡೋದಿದೆ ಎಂದು.

ಅಕ್ಕ ಬರಬೇಕಿದ್ದ ಸಂಜೆಯೇ ಬದನೆ ಸಾಲುಗಳ ಮೋಹಕ ಬಲೆಗಳಿಗೆ ಹೊಸ ರಬ್ಬರ್ ಗುಂಡಿ ಹಾಕಬೇಕಾಗಿತ್ತು. ಮೇಲೆ ಪುಟ್ಟ ಛತ್ರಿಯಂಥ ಮುಚ್ಚಳ, ಅದರ ಕೆಳಗೆ ರಬ್ಬರಿನ ಒಂದು ಗುಂಡಿ, ಅದಕ್ಕೂ ಕೆಳಗೆ ಉದ್ದನೆಯ ಚೀಲ, ಬಲೆಯೆಂದರೆ ಇಷ್ಟೇ. ರಬ್ಬರಿಗೆ ಹೆಣ್ಣು ಪತಂಗದ ವಾಸನೆ ಹಚ್ಚಿರುತ್ತಾರೆ, ಮನುಷ್ಯರ ಮೂಗಿಗೆ ಅದು ತಿಳಿಯುವುದಿಲ್ಲ. ಇದನ್ನು ಮೊದಲ ಸಲ ವಿವರಿಸುವಾಗ ಒಡತಿ ಅರ್ಧಕ್ಕೇ ತಡವರಿಸಿದ್ದಳು. ಉಳಿದದ್ದನ್ನು ಅತ್ತೆ ಪೂರೈಸಿದ್ದಳು. "ಹೆಣ್ಣಿದೆ ಅಂತ ಗಂಡು ಓಡಿ ಬರ್ತವೆ, ಬಂದು ಚೀಲಕ್ಕೆ ಬೀಳ್ತವೆ. ಗಂಡು ಜಾತಿ ಹಣೆಬರಹ ಎಲ್ಲಾ ಕಡೆ ಒಂದೇ."

ಹಳೆಯ ಗುಂಡಿಗಳ ಕಸುವು ಮುಗಿದಿತ್ತು. ಪಂಪು ಸಂಘದ ಅಂಗಡಿಯಿಂದ ಹೊಸವನ್ನು ತಂದು, ಬಲೆ ಬಲೆಗೂ ಒಂದೊಂದು ಸಿಕ್ಕಿಸುತ್ತ ಹೋದ. ಕೊನೆಯ ಸಾಲಿನ ಕೊನೆಯ ಬಲೆಯ ಹತ್ತಿರ ಬಂದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು, ಹೊಳೆಯಿತು. ಇದೊಂದನ್ನು ಇವತ್ತು ಹಾಕದಿದ್ದರೆ? "ಅಯ್ಯೋ, ಒಂದು ಉಳಿದೇ ಹೋಯ್ತು" ಎಂದು ನಾಳೆ ಬರಬಹುದು. ವಾರ ಕಾಯುವುದು ಬೇಡ. ಅಷ್ಟು ಹೊತ್ತಿಗೆ ಸುತ್ತಿದ್ದ ಹಾಳೆ ಹರಿದು ಗುಂಡಿ ಕೈಗೆ ಬಂದಾಗಿತ್ತು. ಅವನು ಆಚೀಚೆ ನೋಡಿ, ಬಿಚ್ಚಿದ ಗುಂಡಿಯನ್ನು ಇಸ್ತ್ರಿ ಅಂಗಿಯ ಜೇಬಿಗೆ, ಎದೆಯ ಹತ್ತಿರ, ಇಳಿಸಿದ.

ಅಂಗಳಕ್ಕೆ ಬಂದರೆ ಅಕ್ಕ ಕೂತಿದ್ದಾಳೆ! ಪಂಪು ಜೇಬಿನ ಮೇಲೆ ಕೈ ಇಟ್ಟುಕೊಂಡ. ಅತ್ತೆ ಅವನಿಗೂ ಒಂದು ಕುರ್ಚಿ ಎಳೆದಳು. ಒಡತಿ ಟೀ ತಂದಳು. ಹೊತ್ತು ಮುಳುಗುತ್ತಿತ್ತು. ಅಕ್ಕ ಮತ್ತು ಅತ್ತೆ ಹವೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತ ನಿಜವಾದ ವಿಷಯದ ಸುತ್ತ ಸುತ್ತುತ್ತಿದ್ದರು. ಬಾಗಿಲ ಮೇಲೆ ದೀಪ ಹೊತ್ತಿತು.

ಮೊದಲು ಒಂದು ಪತಂಗ ಬಂತು. ಚಿಕ್ಕದು, ಬಿಳಿ ರೆಕ್ಕೆಯ ಮೇಲೆ ಕಂದು ಗುಲಾಬಿ ಮಚ್ಚೆ. ದೀಪದ ಕಡೆ ಹೋಗದೆ ಪಂಪುವಿನ ಎದೆಯ ಮುಂದೆ ಪಟಪಟ ಬಡಿದುಕೊಂಡಿತು. ಅವನು ಕೈ ಬೀಸಿದ. ಇನ್ನೊಂದು ಬಂತು. ಆಮೇಲೆ ಮತ್ತೆರಡು. ಅವನು ಕುರ್ಚಿ ಸರಿಸಿದ, ಅವೂ ಸರಿದವು. ಟೀ ಲೋಟದೊಳಗೆ ಮುಖ ಅಡಗಿಸಿ ಕೂತ. ಪತಂಗಗಳು ಜೇಬಿನ ಬಾಯಿಯಲ್ಲಿ ನೂಕುನುಗ್ಗಲು ಮಾಡತೊಡಗಿದವು.

"ದೀಪ ಅಲ್ಲಿದೆ" ಎಂದಳು ಅತ್ತೆ ಅಚ್ಚರಿಯಿಂದ. "ಇವು ಪಂಪು ಮೈಮೇಲೆ ಯಾಕೆ ಬೀಳ್ತಿವೆ?"

ಒಡತಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಎದ್ದು ಬಂದು ಎದುರು ನಿಂತಳು. "ಜೇಬಲ್ಲಿ ಏನಿದೆ, ತೆಗೀರಿ."

ಪಂಪು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿ ರಬ್ಬರ್ ಗುಂಡಿ ಹೊರಗೆ ತೆಗೆದ. "ಇದೊಂದು... ಉಳೀತು."

"ಬಲೆಗೊಂದರಂತೆ ಲೆಕ್ಕ ಹಾಕಿ ತರಿಸಿದ್ದು. ಹೇಗೆ ಉಳಿಯುತ್ತೆ? ಕೊನೇ ಬಲೆ ಖಾಲಿ ಬಿಟ್ಟಿದೀರಾ?"

"ನಾಳೆ ಬಂದು ಹಾಕೋಣ ಅಂತ..."

"ಇವತ್ತು ಕೈಯಲ್ಲೇ ಇತ್ತಲ್ಲ?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುತ್ತಿದ್ದಳು. ಅತ್ತೆಯಂತೂ ಕಣ್ಣೀರು ಬರುವಷ್ಟು ನಕ್ಕಳು. "ಅಲ್ಲವೋ ಪಂಪು, ಇಷ್ಟು ವಯಸ್ಸಿಗೆ ನಿನ್ನ ಹಿಂದೆ ಬಿದ್ದವರು ಇಷ್ಟು ಜನ, ಅದರಲ್ಲಿ ಒಂದಾದ್ರೂ ಹೆಣ್ಣಿದೆಯಾ ನೋಡು!"

ಒಡತಿಯೂ ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಗಂಭೀರವಾಯಿತು. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನೀವು ಇಲ್ಲಿಗೆ ಬರೋದು ಹುಳಕ್ಕೋ, ಬೇರೆ ಯಾವುದಕ್ಕಾದ್ರೂನೋ?"

ಅಕ್ಕ ಸೆರಗು ಕೆಳಗಿಳಿಸಿದಳು. ಅತ್ತೆ ಮುಂದೆ ಬಾಗಿದಳು. ಇದಕ್ಕಿಂತ ಅಗಲವಾಗಿ ಬಾಗಿಲು ತೆರೆದು ಯಾರೂ ಯಾರನ್ನೂ ಒಳಗೆ ಕರೆದಿರಲಾರರು. ಎಷ್ಟೋ ವರ್ಷಗಳಿಂದ ಗಂಟಲಲ್ಲಿ ಕಾದು ಕೂತಿದ್ದ ಮಾತು ನಾಲಿಗೆಯ ತುದಿಗೆ ಬಂತು. ಪಂಪು ಬಾಯಿ ತೆರೆದ.

"ಹುಳಕ್ಕೆ" ಎಂದ.

ಅಕ್ಕ ಹಣೆ ಚಚ್ಚಿಕೊಂಡಳು. ಒಡತಿ ಒಂದು ಕಡ್ಡಿಯಿಂದ ಗುಂಡಿಯನ್ನು ಎತ್ತಿಕೊಂಡಳು. "ಸರಿ. ಹಾಗಾದ್ರೆ ಹುಳ ಮುಗಿದ ಮೇಲೆ ನಿಮಗೂ ಓಡಾಟ ತಪ್ಪುತ್ತೆ" ಎಂದು ಹೇಳಿ ಕೊನೆಯ ಬಲೆಯ ಕಡೆ ನಡೆದಳು. ಪತಂಗಗಳೂ ಅವಳ ಹಿಂದೆ ಹೋದವು. ಅಷ್ಟು ಬುದ್ಧಿ ಅವಕ್ಕಾದರೂ ಇತ್ತು.

ದಾರಿಯುದ್ದಕ್ಕೂ ಅಕ್ಕ ಅವನನ್ನು ಹೆತ್ತವರಿಟ್ಟ ಹೆಸರಿನಲ್ಲೇ ಕರೆದಳು.

ಆಮೇಲಿನ ವಾರಗಳು ಚೆನ್ನಾಗಿರಲಿಲ್ಲ. ಪಂಪು ಬರುತ್ತಿದ್ದ, ನೋಡುತ್ತಿದ್ದ, ಹೋಗುತ್ತಿದ್ದ. ಒಡತಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಟೀ ಅತ್ತೆಯ ಕೈಯಿಂದ ಬರುತ್ತಿತ್ತು. ಮೆಕ್ಕೆಜೋಳ ಹೊಂಬಣ್ಣಕ್ಕೆ ತಿರುಗಿ, ತೆನೆ ಮುರಿದು, ದಂಟು ಕತ್ತರಿಸಿ ಮಣ್ಣಿಗೆ ಉತ್ತದ್ದಾಯಿತು. ಬದನೆಯೂ ಕೊನೆಯ ಕೊಯ್ಲಿಗೆ ಬಂತು. ಬುಟ್ಟಿ ಬುಟ್ಟಿ ಕಾಯಿ, ಹುಡುಕಿದರೂ ತೂತು ಸಿಗುವುದು ಅಪರೂಪ. ಇಂಥ ಬೆಳೆ ಬಂದು ಎಷ್ಟು ಕಾಲವಾಯಿತೋ ಎಂದು ಅತ್ತೆ ಕಂಡ ಕಂಡವರಿಗೆಲ್ಲ ಹೇಳಿಕೊಂಡಳು. ಆ ಸಾಲುಗಳ ನಡುವೆ ಅಷ್ಟು ಚೆಂದದ ಬೆಳೆ ನೋಡುತ್ತ ಪಂಪುವಿಗೆ ಅಳು ಬರುವುದೊಂದು ಬಾಕಿ.

ಮುಂದಿನ ಬೆಳೆಗೆ ಹುಳ ಉಳಿಯಬಾರದೆಂದು ಗಿಡಗಳನ್ನು ಬೇರು ಸಮೇತ ಕಿತ್ತರು. ಪಂಪುವೇ ಮುಂದೆ ನಿಂತು ಕಿತ್ತ. ಕೊನೆಯ ಗಿಡ ಹೊರಗೆ ಬಂದಾಗ ಒಡತಿ ಕೈ ಕೊಡವಿಕೊಂಡು, "ತುಂಬಾ ಉಪಕಾರವಾಯ್ತು. ಮುಂದಿನ ಬೆಳೆಗೆ ಹೇಳಿ ಕಳಿಸ್ತೀನಿ" ಎಂದಳು. ಪಂಪು ತಲೆಯಾಡಿಸಿದ.

ಮುಂದಿನ ವಾರ ಅದೇ ದಿನ ಬಂತು. ಪಂಪು ಎದ್ದು, ತಲೆ ಬಾಚಿ, ಹೋಗಲು ಜಾಗವಿಲ್ಲವೆಂದು ನೆನಪಾಗಿ ಮಂಚದ ಮೇಲೆ ಕೂತ. ಅಕ್ಕ ಕಸ ಗುಡಿಸುತ್ತ ಅವನ ಕಾಲಿನ ತನಕ ಬಂದು ನಿಂತಳು.

"ಹೋಗಲ್ವಾ?"

"ಯಾವ ನೆವ ಹೇಳ್ಕೊಂಡು ಹೋಗಲಿ? ಹೊಲ ಖಾಲಿ. ಹುಳ ಇಲ್ಲ."

"ಅಷ್ಟು ದಿನ ಹುಳ ನಿನ್ನ ಪರವಾಗಿ ಮಾತಾಡ್ತಿತ್ತು" ಎಂದಳು ಅಕ್ಕ. "ಈಗ ನೀನು ಮಾತಾಡು. ಕಾಲು ತೆಗಿ, ಗುಡಿಸಬೇಕು."

ಅವನು ಕಾಲು ತೆಗೆದ. ತೆಗೆದವನು ಮತ್ತೆ ಕೂರಲಿಲ್ಲ. ಕತ್ತರಿ ಇಲ್ಲ, ಬಕೆಟ್ಟಿಲ್ಲ, ಪಂಪಿಲ್ಲ. ದಾರಿಯಲ್ಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನಿಗೆ ಹಾಕಿಕೊಂಡ. ಎರಡು ಸಲ ಹಿಂದಕ್ಕೆ ತಿರುಗಿ, ಎರಡು ಸಲವೂ ಮುಂದಕ್ಕೇ ನಡೆದ.

ಒಡತಿ ಅಂಗಳದಲ್ಲಿ ದೊಡ್ಡ ಟಬ್ಬಿನ ಮುಂದೆ ಕೂತು ಬಲೆಯ ಮುಚ್ಚಳಗಳನ್ನು ತಿಕ್ಕಿ ತೊಳೆಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಿದಳು.

"ಏನು ನೋಡೋಕೆ ಬಂದ್ರಿ? ಹೊಲದಲ್ಲಿ ಒಂದು ಕಡ್ಡಿನೂ ಇಲ್ಲ."

"ಗೊತ್ತು."

"ಹುಳಾನೂ ಇಲ್ಲ."

"ಅದೂ ಗೊತ್ತು" ಎಂದ ಪಂಪು. ಈ ಸಲ ಮಾತು ಎಡವಲಿಲ್ಲ. "ಹುಳ ಇಲ್ಲ ಅಂತ ಗೊತ್ತಿದ್ದೇ ಬಂದೆ. ಹುಳಕ್ಕೆ ಬರ್ತೀನಿ ಅಂದಿದ್ದು ಸುಳ್ಳು. ನಾನು ಬರ್ತಿದ್ದದ್ದು ನಿಮಗೋಸ್ಕರ. ಈ ಸಲ ಅಂತಲ್ಲ, ಮೊದಲಿಂದಲೂ."

ಒಡತಿ ಕೈಲಿದ್ದ ಮುಚ್ಚಳವನ್ನು ನೀರಿಗಿಳಿಸಿ, ಮತ್ತೆ ಎತ್ತಿ, ಆಗಲೇ ತೊಳೆದಿದ್ದದ್ದನ್ನೇ ಇನ್ನೊಮ್ಮೆ ತೊಳೆದಳು.

"ಆವತ್ತು ಬಾಗಿಲಲ್ಲಿ ನಿಮ್ಮ ಗುರುತು ಸಿಗಲಿಲ್ಲ ಅಂತ ಬೇಜಾರಾಗಿತ್ತಾ?" ಎಂದು ಕೇಳಿದಳು.

"ಆಗಿತ್ತು."

"ಮುಸುಕು ಹಾಕ್ಕೊಂಡು ಬಂದಿದ್ರೆ ಸಿಗ್ತಿತ್ತು. ನನಗೆ ಗೊತ್ತಿದ್ದದ್ದು ಕಣ್ಣು ಮಾತ್ರ." ಅವಳು ತಲೆಯೆತ್ತಿದಳು. "ಅಷ್ಟು ವರ್ಷ ಕನ್ನಡಕದೊಳಗಿಂದ ನೀವು ನನ್ನ ನೋಡ್ತಿದ್ದದ್ದು ನನಗೆ ಕಾಣ್ತಿರಲಿಲ್ಲ ಅಂದ್ಕೊಂಡ್ರಾ? ಬಾಯಿ ಯಾವಾಗ ಬಿಡ್ತೀರಿ ಅಂತ ಕಾದು ಕಾದು ಸಾಕಾಗಿತ್ತು. ಇಷ್ಟು ಹೇಳೋಕೆ ಎರಡು ಬೆಳೆ ಕಿತ್ತು ಹಾಕಬೇಕಾಯ್ತಾ?"

ಪಂಪುವಿನ ಕಣ್ಣು ತುಂಬಿತು. ನಗುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಮುಖ ಎಂಥದೋ ಆಯಿತು. ಮುಚ್ಚಿಕೊಳ್ಳಲು ಮುಸುಕಿರಲಿಲ್ಲ, ಅವನು ಹುಡುಕಲೂ ಇಲ್ಲ. ಟಬ್ಬಿನ ಆಚೆ ಬದಿಗೆ ಕುಕ್ಕರುಗಾಲಲ್ಲಿ ಕೂತು ಒಂದು ಮುಚ್ಚಳ ಎತ್ತಿಕೊಂಡು ತಾನೂ ತಿಕ್ಕತೊಡಗಿದ.

"ಅತ್ತೆ ನನ್ನ ಜೊತೆಗೇ ಇರ್ತಾರೆ" ಎಂದಳು ಒಡತಿ. "ಅದನ್ನ ಮೊದಲೇ ಹೇಳ್ಬಿಡ್ತೀನಿ."

"ಅವರಿಲ್ಲದಿದ್ರೆ ನನ್ನ ಬೆನ್ನು ನೋಡಿ ಗುರುತು ಹಿಡಿಯೋರು ಯಾರು?" ಎಂದ ಪಂಪು.

ಒಳಗಿನಿಂದ ಅತ್ತೆಯ ದನಿ ಬಂತು. ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡವಳ ದನಿ ಅದು. "ಏನೇ, ಹುಳ ಸಿಕ್ತಾ?"

"ಸಿಕ್ತು ಅತ್ತೆ" ಎಂದಳು ಒಡತಿ. "ಒಂದೇ ಒಂದು. ದೊಡ್ಡದು."

"ಹಿಸುಕಬೇಡ ಮತ್ತೆ. ಒಳಗೆ ಕರ್ಕೊಂಡು ಬಾ, ಟೀ ಆರಿ ಹೋಗ್ತಿದೆ."